ಉಲ್ಟಾ ಮಿಸ್ತ್ರಿ

ಸುದ್ದಿ ನನಗೆ ಮುಟ್ಟಿದ್ದು ಟಿಕೋಟಾದಲ್ಲಿ, ಸಂತೆಯ ದಿನ. ಮೂವತ್ತನೆಯದೋ ನಲವತ್ತನೆಯದೋ ರೋಗಿಯ ನಾಲಗೆ ನೋಡುತ್ತಿದ್ದೆ. ಮೂಲೆಯಲ್ಲಿ ಕೂತು ಔಷಧದ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ ನನ್ನ ಕಂಪೌಂಡರ್ ತಲೆ ಎತ್ತದೆಯೇ ಹೇಳಿದ: "ಸಾಹೇಬ್ರ, ಬಬಲೇಶ್ವರದಾಗ ಉಲ್ಟಾ ಮಿಸ್ತ್ರಿ ತೀರಿಕೊಂಡ್ರಂತ. ಮೊನ್ನೆ ಮಣ್ಣು ಮಾಡಿದ್ರಂತ." ರೋಗಿಗೆ ನಾಲಗೆ ಒಳಗೆ ತಗೊಳ್ಳಪ್ಪಾ ಎಂದು ಹೇಳುವುದನ್ನು ನಾನು ಮರೆತೆ. ಆತ ಪಾಪ ಬಹಳ ಹೊತ್ತು ಹಾಗೇ ಕೂತಿದ್ದ.

ಆ ಹೆಸರನ್ನು ಅವರಿಗೆ ಇಟ್ಟವನು ನಾನು. ಐದು ವರ್ಷದಲ್ಲಿ ಅದು ಎಷ್ಟು ಚೆನ್ನಾಗಿ ಬೇರು ಬಿಟ್ಟಿತೆಂದರೆ, ಸಾವಿನ ಸುದ್ದಿಯಲ್ಲಿ ಕೂಡ ಅವರ ಸ್ವಂತ ಹೆಸರು ಬರಲಿಲ್ಲ. ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನಿಂದ ಅವರಿಗೆ ಒಂದು ಹೆಸರು ಆಗಿದೆ, ಅಷ್ಟು ಸಾಕು. ಎದುರಿಗಿದ್ದಾಗ ಮಿಸ್ತ್ರಿ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಎನ್ನುತ್ತೇನೆ.

ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ, ಗೋಳಗುಮ್ಮಟ ಬೆನ್ನ ಹಿಂದೆ ಬಿದ್ದು ಊರು ತೆಳ್ಳಗಾಗುವ ಕಡೆ, ಅವರ ತಗಡಿನ ಶೆಡ್ಡು ಇತ್ತು. ಮುಂದೊಂದು ಬೇವಿನ ಮರ, ಎದುರಿಗೆ ಒಂದು ಚಹಾದಂಗಡಿ. ಮಿಸ್ತ್ರಿ ಒಣಕಲು ಮೈಯವರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಒಂದು ಕಡೆ ಕಡ್ಡಿ ಮುರಿದ ಚಾಳೀಸಿಗೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿರುತ್ತಿದ್ದರು. ಅವರ ಬಲಗಣ್ಣಿನಲ್ಲಿ ಪೊರೆ ಶುರುವಾದದ್ದನ್ನು ಮೊದಲು ಕಂಡವನು ನಾನೇ. ಮಿರಜದ ಆಸ್ಪತ್ರೆಗೆ ಹೋಗಿ ತೋರಿಸಿರಿ ಎಂದರೆ ಎಣ್ಣೆ ಮೆತ್ತಿದ ಹತ್ತೂ ಬೆರಳು ನನ್ನ ಮುಂದೆ ಹಿಡಿದು, "ಇಷ್ಟು ಕಣ್ಣ ಅದಾವಲ್ರಿ. ಒಂದು ಹೋದ್ರ ಏನಾತು," ಎಂದಿದ್ದರು.

ಮೋಟಾರು ತಂದವನನ್ನು ಪ್ರಶ್ನೆ ಕೇಳದೆ ಅವರು ಬೋಲ್ಟು ತಿರುವುವ ಪಾನಾ ಮುಟ್ಟುತ್ತಿರಲಿಲ್ಲ. ಸದ್ದು ಯಾವಾಗಿನಿಂದ ಬರುತ್ತದೆ, ಏರಿನಲ್ಲಿ ಹೆಚ್ಚೋ ಇಳಿಜಾರಿನಲ್ಲಿ ಹೆಚ್ಚೋ, ಇದಕ್ಕಿಂತ ಮೊದಲು ಯಾರಿಗಾದರೂ ತೋರಿಸಿದ್ದಿರೋ. ನನ್ನ ಕಸುಬಿನ ಪ್ರಶ್ನೆಗಳೇ ಎಲ್ಲ. "ಮಿಸ್ತ್ರೀ, ನೀವು ನನಗಿಂತ ಛಲೋ ಡಾಕ್ಟ್ರು," ಎಂದರೆ ಅವರು ಒಪ್ಪುತ್ತಿರಲಿಲ್ಲ. "ನಿಮ್ಮ ರೋಗಿ ಬಾಯಿ ಬಿಟ್ಟು ಹೇಳತಾನ್ರಿ ಸಾಹೇಬ್ರ. ನಂದು ಹೇಳೂದಿಲ್ಲ. ಅದರ ಮಾಲಕನ್ನ ಕೇಳಬೇಕಾಗತೈತಿ, ಮಾಲಕ ಸುಳ್ಳ ಹೇಳತಾನ."

ನನ್ನ ಮೋಟಾರು ಬಹಳ ಸಣ್ಣದು. ತನ್ನ ದೇಶಕ್ಕೆ ಮರಳಿದ ಒಬ್ಬ ಬಿಳಿಯ ಅಧಿಕಾರಿಯಿಂದ ಕೊಂಡದ್ದು. ಒಳಗೆ ನಾನು, ಕಂಪೌಂಡರ್, ಔಷಧದ ಪೆಟ್ಟಿಗೆ ಕೂತರೆ ನಾಲ್ಕನೆಯದಕ್ಕೆ ಉಸಿರಾಡಲು ಜಾಗವಿಲ್ಲ. ಹಳ್ಳಿಯ ಜನ ಅದನ್ನು ಗುಬ್ಬಿ ಮೋಟಾರು ಎನ್ನುತ್ತಿದ್ದರು. ಯುದ್ಧದ ಕಾಲವಾದರೂ ಡಾಕ್ಟರನೆಂದು ನನಗೆ ಪೆಟ್ರೋಲಿನ ಚೀಟಿ ಸಿಗುತ್ತಿತ್ತು. ವಾರಕ್ಕೊಮ್ಮೆ ಟಿಕೋಟಾ, ವಾರಕ್ಕೊಮ್ಮೆ ಬಬಲೇಶ್ವರ. ಒಂದು ಮಳೆಗಾಲ ಟಿಕೋಟಾದಿಂದ ಬರುವಾಗ ಹಿಂದಿನಿಂದ ಕಲ್ಲು ಅಗಿದಂತೆ ಸದ್ದಾಗಿ ಗುಬ್ಬಿ ನಿಂತಿತು. ಎತ್ತು ಹೂಡಿ ಎಳೆಸಿಕೊಂಡು ಊರು ಸೇರಿದೆ.

ಮಿಸ್ತ್ರಿ ಹಿಂದಿನ ಅಚ್ಚಿನ ನಡುವಿನ ಕಬ್ಬಿಣದ ಗಡ್ಡೆಯನ್ನು ಬಿಚ್ಚಿದರು. ಅದರೊಳಗೆ ಹಲ್ಲಿನ ಚಕ್ರಗಳು. ದೊಡ್ಡ ಚಕ್ರದ ಮೂರು ಹಲ್ಲು ಉದುರಿ ಎಣ್ಣೆಯಲ್ಲಿ ಬಿದ್ದಿದ್ದವು. ಡಿಫರೆನ್ಶಿಯಲ್ ಎಂಬ ಹೆಸರು ನನಗೆ ಗೊತ್ತಿತ್ತು, ಅದರ ಕೆಲಸ ಗೊತ್ತಿರಲಿಲ್ಲ. ಕೇಳಿದೆ. ಅವರು ಬೆರಳಿನಿಂದ ನೆಲದಲ್ಲಿ ಒಂದು ದುಂಡು ಬರೆದರು.

"ಕಣದಾಗ ತೆನಿ ತುಳಸಾಕ ಎತ್ತಿನ ಹಂತಿ ಕಟ್ಟತಾರಲ್ರಿ. ನಡುವಿನ ಮೇಟಿ ಹತ್ರದ ಎತ್ತು ಸಣ್ಣ ಹೆಜ್ಜಿ ಹಾಕತೈತಿ, ಹೊರಗಿನ ಎತ್ತು ದೊಡ್ಡ ಹೆಜ್ಜಿ ಹಾಕತೈತಿ. ಕಣ್ಣಿ ಒಂದ, ನಡಿಗಿ ಬ್ಯಾರೆ. ನಿಮ್ಮ ಮೋಟಾರು ತಿರುವ್ಯಾಗ ಹೊಳ್ಳುವಾಗ ಎರಡೂ ಗಾಲಿ ಒಂದ ಸಮ ಓಡಿದ್ರ ಅಚ್ಚು ಮುರೀತಾವು. ಇದು ಅವಕ್ಕ ನಡಿಗಿ ಹಂಚಿ ಕೊಡತೈತಿ."

ನಾನು ಓದಿದ ಶರೀರಶಾಸ್ತ್ರದ ಯಾವ ಪಾಠವೂ ಇಷ್ಟು ಬೇಗ ತಲೆಗೆ ಹೋಗಿರಲಿಲ್ಲ.

ವಿಲಾಯತಿಯಿಂದ ಸಾಮಾನು ಬರುವುದು ನಿಂತು ವರ್ಷಗಳಾಗಿದ್ದವು. ಕನಮಡಿಯ ಜಮೀನುದಾರರೊಬ್ಬರ ಹಿತ್ತಿಲಲ್ಲಿ ಇಂಥದ್ದೇ ಸತ್ತ ಮೋಟಾರು ಇದೆ ಎಂದು ಯಾರೋ ಹೇಳಿದರು. ಮಿಸ್ತ್ರಿ ಮತ್ತು ನಾನು ಬಸ್ಸಿನಲ್ಲಿ ಹೋದೆವು. ಮೋಟಾರಿನ ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಮನೆಯವರು ಅದನ್ನು ಓಡಿಸಲು ಬಂದರೆ ಮಿಸ್ತ್ರಿ ಕೈ ಅಡ್ಡ ಹಿಡಿದರು. "ಬ್ಯಾಡ್ರಿ. ಕಾವಿಗೆ ಕೂತದ್ದನ್ನ ಎಬ್ಬಿಸಬಾರದು." ಹಿಂಭಾಗವನ್ನು ನಾಲ್ಕು ಬೆರಳು, ನಾಲ್ಕು ಬೆರಳು ಎತ್ತುತ್ತ ಕಲ್ಲು ಕೊಟ್ಟು, ಕೆಳಗೆ ಅಂಗಾತ ಮಲಗಿ, ಇಡೀ ದಿನ ಹಿಡಿಸಿಕೊಂಡು ಅಚ್ಚು ಬಿಚ್ಚಿದರು. ಕೋಳಿ ಕಣ್ಣು ಮುಚ್ಚಿಕೊಂಡೇ ಇತ್ತು. ನಾನು ಹಸಿದು, ಬೇಸತ್ತು, ಮನಸ್ಸಿನಲ್ಲೇ ಆ ಕೋಳಿಯ ಸಾರು ಮಾಡಿದ್ದೆ.

ನನಗೆ ಬೇಕಾದದ್ದು ದೊಡ್ಡ ಚಕ್ರ ಒಂದೇ, ಅದನ್ನಷ್ಟೇ ಬಿಚ್ಚಿಕೊಳ್ಳಿ ಎಂದೆ. ಅವರು ಅದಕ್ಕೆ ಕಚ್ಚಿಕೊಂಡು ತಿರುಗುವ ಸಣ್ಣ ಚಕ್ರವನ್ನೂ ಅರಿವೆಯಲ್ಲಿ ಸುತ್ತಿಟ್ಟುಕೊಂಡರು. "ಇವು ಕೂಡಿ ಸವದಾವ್ರಿ. ಒಂದರ ಸೊಟ್ಟ ಇನ್ನೊಂದಕ್ಕ ಗೊತ್ತಿರತೈತಿ. ಬ್ಯಾರೆ ಮಾಡಿದ್ರ ಎರಡೂ ಅಳತಾವು."

ಅಳುವುದು ಅವರ ಮಾತು. ಹಲ್ಲುಗಳು ಸರಿಯಾಗಿ ಕೂಡದಿದ್ದರೆ ಓಡುವಾಗ ಬರುವ ಸಣ್ಣ ಕೊರಗಿಗೆ ಅವರು ಹಾಗೆನ್ನುತ್ತಿದ್ದರು. ಕೂಡಿವೆಯೋ ಇಲ್ಲವೋ ಎಂದು ನೋಡಲು ಹಣಮಪ್ಪನ ಗುಡಿಯ ಪೂಜಾರಿಯ ಹತ್ತಿರ ಸಿಂಧೂರ ಇಸಿದುಕೊಂಡು ಬರುತ್ತಿದ್ದರು. ಎಣ್ಣೆಯಲ್ಲಿ ಕಲಸಿ ಹಲ್ಲಿಗೆ ಸವರಿ, ಚಕ್ರ ತಿರುವಿ, ಕೆಂಪು ಎಲ್ಲಿ ಅಳಿಸಿದೆ ಎಂದು ನೋಡುವುದು. ಹಲ್ಲಿನ ನಡುಮಧ್ಯೆ ಅಳಿಸಿದ್ದರೆ ಸರಿ. ತುದಿಗೆ ಅಳಿಸಿದ್ದರೆ ಬಿಸ್ಕೀಟಿನ ಡಬ್ಬಿಯ ತಗಡಿನಿಂದ ಬಳೆಯಂಥ ತೆಳ್ಳನೆಯ ಪಟ್ಟಿ ಕತ್ತರಿಸಿ ಚಕ್ರದ ಹಿಂದೆ ಸೇರಿಸುತ್ತಿದ್ದರು. ಮತ್ತೆ ಸಿಂಧೂರ, ಮತ್ತೆ ತಿರುವುವುದು. ಒಂದು ದಿನದಲ್ಲಿ ಇಪ್ಪತ್ತು ಸಲ. ಪೂಜಾರಿಯೂ ಅವರೂ ಹಳೆಯ ಗೆಳೆಯರು. "ನಮ್ಮ ಹಣಮಪ್ಪಗ ಕಡಿಮಿ ಬೀಳಾಕತ್ತೈತೋ ಮಾರಾಯಾ," ಎಂದು ಪೂಜಾರಿ ಗೊಣಗುತ್ತಲೇ ಕೊಡುತ್ತಿದ್ದ.

ಇನ್ನು ಆ ಅರಿವೆಯ ಮಾತು. ಯಾವ ಯಂತ್ರ ಬಿಚ್ಚಿದರೂ ಮಿಸ್ತ್ರಿ ನೆಲಕ್ಕೆ ಹಳೆಯ ಧೋತರದ ಒಂದು ತುಂಡು ಹಾಸಿ, ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಡುತ್ತಿದ್ದರು. ಗುಬ್ಬಿಯ ಅಚ್ಚನ್ನೂ ಹಾಗೇ ಇಟ್ಟರು. ಬಲಗಾಲಿಯ ಕಡೆಯ ತುಣುಕು ಮೊದಲು, ಅರಿವೆಯ ಬಲ ತುದಿಗೆ. ಅಲ್ಲಿಂದ ಒಂದೊಂದಾಗಿ ಎಡಕ್ಕೆ. ಗುರುತಿಲ್ಲ, ಅಂಕಿಯಿಲ್ಲ. ನಾನು ಒಂದನ್ನು ಎತ್ತಿ ನೋಡಲು ಹೋದರೆ ಮೆಲ್ಲಗೆ ನನ್ನ ಕೈ ಸರಿಸಿದರು. "ಅದು ನನ್ನ ಕಿತಾಬು ರೀ ಸಾಹೇಬ್ರ. ಓದಕೋತ ಜೋಡಸತೇನಿ. ಯಾರೂ ಹಾಳಿ ಮಗಚಬಾರದು."

ಈ ಕೆಲಸದ ಮೇಲೆ ಅವರಿಗೆ ಇನ್ನೊಂದು ಆಸೆಯಿತ್ತು. ಟಿಕೋಟಾ, ಬಬಲೇಶ್ವರದ ಹಾದಿಗೆ ಬಸ್ಸು ಓಡಿಸುತ್ತಿದ್ದ ಸಾಹುಕಾರರೊಬ್ಬರು, ದಸರೆಯಿಂದ ತಮ್ಮ ಬಸ್ಸುಗಳ ರಿಪೇರಿಯನ್ನೆಲ್ಲ ಮಿಸ್ತ್ರಿಗೇ ಒಪ್ಪಿಸುವೆನೆಂದು ಮಾತು ಕೊಟ್ಟಿದ್ದರು. ಅದಾದರೆ ಮಿಸ್ತ್ರಿಗೆ ಪಕ್ಕಾ ಗೋಡೆಯ ಗ್ಯಾರೇಜು, ಕಾಯಂ ಕೆಲಸ. ಹಾಳಾದ ಡಿಫರೆನ್ಶಿಯಲ್ಲನ್ನು ಈ ಊರಿನಲ್ಲಿ ಮತ್ತೆ ಕಟ್ಟಿದವರಿಲ್ಲ, ಇದನ್ನು ಕಟ್ಟಿ ತೋರಿಸು ಎಂದು ಸಾಹುಕಾರರು ಹೇಳಿದ್ದರಂತೆ. ಮಿಸ್ತ್ರಿ ಇದನ್ನು ನನಗೆ ಹೇಳುವಾಗ ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಸಂತೋಷ ಅಷ್ಟರಲ್ಲೇ ಮುಗಿಯುತ್ತಿತ್ತು.

ರಮ್ಜಾನ್ ತಿಂಗಳು. ಮಿಸ್ತ್ರಿ ರೋಜಾ ಇದ್ದರು, ಹನಿ ನೀರಿಲ್ಲದೆ ದಿನವಿಡೀ ಕೆಲಸ. ನಾನೋ ದಿನಕ್ಕೆರಡು ಸಲ ಹೋಗಿ ತಲೆ ತಿನ್ನುತ್ತಿದ್ದೆ. ಟಿಕೋಟಾದಲ್ಲಿ ಮನೆಮನೆಗೆ ಚಳಿಜ್ವರ ಬಿದ್ದಿತ್ತು. ಜನ ಎತ್ತಿನ ಬಂಡಿಯಲ್ಲಿ ರೋಗಿಗಳನ್ನು ಹೇರಿಕೊಂಡು ಬರುತ್ತಿದ್ದರು, ನಾನು ಅಲ್ಲಿಗೆ ಹೋಗಲಾರದೆ ಚಡಪಡಿಸುತ್ತಿದ್ದೆ. ಅದು ನಿಜ. ನನ್ನ ಸ್ವಭಾವಕ್ಕೆ ಕಾಯುವುದು ಒಗ್ಗುವುದಿಲ್ಲ, ಅದೂ ನಿಜ.

ಒಂದು ಮಧ್ಯಾಹ್ನ ಹೋದಾಗ ಮಿಸ್ತ್ರಿ ನಮಾಜಿಗೆ ಹೋಗಿದ್ದರು. ಬೇವಿನ ಮರದ ಕೆಳಗೆ ಅರಿವೆ ಹಾಸಿತ್ತು, ಭಾಗಗಳೆಲ್ಲ ತೊಳೆದು ಸಿದ್ಧವಾಗಿದ್ದವು. ಅಷ್ಟರಲ್ಲಿ ದಪ್ಪ ಹನಿ ಬೀಳತೊಡಗಿತು. ನಾನು ಕೋಟಿನ ತೋಳು ಮಡಿಚಿ, ಭಾಗಗಳನ್ನು ಒಂದೊಂದಾಗಿ ಎತ್ತಿ ಶೆಡ್ಡಿನ ಒಳಗೆ ಸಾಗಿಸಿದೆ. ಮೊದಲನೆಯದು ಯಾವುದು, ಕೊನೆಯದು ಯಾವುದು ನನಗೆ ಗೊತ್ತಿತ್ತು. ಮೊದಲನೆಯದನ್ನು, ಬಲಗಾಲಿಯ ಕಡೆಯದನ್ನು, ಮೊದಲು ಒಯ್ದೆ, ಎರಡನೆಯದನ್ನು ಅದರ ಪಕ್ಕಕ್ಕೆ. ಒಂದೂ ಹಿಂದೆಮುಂದೆ ಆಗದಂತೆ ಒಳಗೆ ಇನ್ನೊಂದು ಅರಿವೆಯ ಮೇಲೆ ಸಾಲು ಹಿಡಿಸಿ ಜೋಡಿಸಿ, ಕೈ ಒರೆಸಿಕೊಂಡು, ನನ್ನ ಬಗ್ಗೆ ನಾನೇ ಮೆಚ್ಚಿಕೊಂಡೆ.

ಮಿಸ್ತ್ರಿ ತೋಯಿಸಿಕೊಂಡು ಓಡಿ ಬಂದರು. ಒಳಗಿನ ಸಾಲು ನೋಡಿ, ನನ್ನ ಕೋಟಿನ ಮೇಲಿನ ಜಿಡ್ಡು ನೋಡಿ, ಎದೆಯ ಮೇಲೆ ಕೈಯಿಟ್ಟರು. "ನೀವ ಹೊತ್ರೀ? ಎಂಥಾ ಕೆಲಸ ಮಾಡಿದ್ರಿ ಸಾಹೇಬ್ರ. ತೋದಿದ್ರ ಜಂಗ ಹತ್ತತಿತ್ತು."

"ಅದೆಲ್ಲ ಇರಲಿ ಮಿಸ್ತ್ರೀ, ನಾಳೆ ಸಂಜೀಕ ನನಗ ಮೋಟಾರು ಬೇಕು," ಎಂದೆ.

ಮರುದಿನ ಸಂಜೆ ಮೋಟಾರು ಸಿದ್ಧವಾಗಿತ್ತು. ಕೆಲಸ ಮುಗಿದ ಮೇಲೆ ಹಿಂದಿನ ಅಚ್ಚಿಗೆ ಕಲ್ಲು ಕೊಟ್ಟು ಗಾಲಿಗಳನ್ನು ಎತ್ತಿ, ಇಂಜಿನ್ನಿನ ಕಡೆಯಿಂದ ಕೈಯಲ್ಲಿ ತಿರುವಿ ನೋಡುವುದು ಅವರ ಪದ್ಧತಿ. ಅದಕ್ಕೆಂದು ಕಲ್ಲು ಹುಡುಕುತ್ತಿದ್ದರು. ನಾನು ಆಗಲೇ ಸೀಟಿನಲ್ಲಿ ಕೂತಿದ್ದೆ. "ಓಡಿಸೇ ನೋಡೂಣು ಬಿಡ್ರಿ," ಎಂದೆ. ಚಹಾದಂಗಡಿಯ ಜನ, ಟಾಂಗಾದವರು, ಎಲ್ಲ ನೋಡುತ್ತಿದ್ದರು. ಸಾಹುಕಾರರ ಬಸ್ಸಿನ ಡ್ರೈವರನೂ ಅಲ್ಲೇ ಇದ್ದ. ಮುಂದಿನ ಗೇರು ಹಾಕಿ, ಗೋಳಗುಮ್ಮಟದ ಕಡೆ ಮುಖ ಮಾಡಿ, ಠೀವಿಯಿಂದ ಕ್ಲಚ್ಚು ಬಿಟ್ಟೆ.

ಗುಬ್ಬಿ ಹಿಂದಕ್ಕೆ ಹೊರಟಿತು.

ಗೇರು ತಪ್ಪಿತೆಂದುಕೊಂಡು ಎರಡನೆಯದು ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ ಓಡಿ ಚಹಾದಂಗಡಿಯ ಬೆಂಚಿಗೆ ಗುದ್ದಿತು. ಬಸಿಯಲ್ಲಿ ಚಹಾ ಹಿಡಿದವರು ಬಸಿ ಸಮೇತ ಎದ್ದು ನಿಂತರು. ಆಮೇಲೆ ಇಡೀ ಸೊಲ್ಲಾಪುರ ರಸ್ತೆ ನಕ್ಕಿತು, ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಮಿಸ್ತ್ರಿ ನಗಲಿಲ್ಲ. ನನ್ನನ್ನು ಇಳಿಸಿ ತಾವು ಕೂತು, ಹಿಂದಕ್ಕೆ ಹೋಗುವ ಗೇರು ಹಾಕಿದರು. ಗುಬ್ಬಿ ಮುಂದಕ್ಕೆ ನಡೆದು ಶೆಡ್ಡಿನೊಳಗೆ ಹೋಯಿತು. ಅದನ್ನು ನೋಡಿ ಜನ ಮತ್ತೊಮ್ಮೆ ನಕ್ಕರು. ದೊಡ್ಡ ಚಕ್ರ ಈಚೆ ಬದಿಗೆ ಕೂರುವ ಬದಲು ಆಚೆ ಬದಿಗೆ ಕೂತಿತ್ತು, ಇಡೀ ಅಚ್ಚು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿತ್ತು.

ನಾನು ಒಳಗೆ ಹೋದಾಗ ಅವರು ಖಾಲಿ ಅರಿವೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಬಲ ತುದಿಯ ಮೇಲೆ ಒಂದು ಬೆರಳಿಟ್ಟು, ಅದನ್ನು ನಿಧಾನಕ್ಕೆ ಎಡ ತುದಿಯವರೆಗೆ ಎಳೆದರು. ಮತ್ತೆ ಎಡದಿಂದ ಬಲಕ್ಕೆ ಎಳೆದರು. ನನ್ನ ಮುಖ ನೋಡಿದರು. "ನನ್ನ ಕಣ್ಣು ತಪ್ಪಿದ್ವು ರೀ ಸಾಹೇಬ್ರ. ನಾಳೆ ಕೊಡತೇನಿ," ಎಂದರು.

ಆ ಬೆರಳನ್ನು ನಾನು ನೋಡಿದೆ. ನೋಡಿಯೂ ಅದರ ಅರ್ಥವನ್ನು ವಿಚಾರಿಸಲಿಲ್ಲ. ನನ್ನೊಳಗೆ ಎಲ್ಲೋ ಒಂದು ಅಳುಕು ಎದ್ದಿತು, ಅದನ್ನು ಅಲ್ಲೇ ಮಲಗಿಸಿದೆ. ಮರುದಿನ ಅವರು ಮೋಟಾರು ಕೊಟ್ಟರು, ನಾನು ಟಿಕೋಟಾಕ್ಕೆ ಹೋದೆ.

ರೋಗಿಗಳಿಗೆ ಕ್ವಿನೈನು ಕೊಡುತ್ತ ಈ ಕತೆಯನ್ನೂ ಕೊಟ್ಟೆ. ಜ್ವರದವರೂ ನಕ್ಕರು. ಬಬಲೇಶ್ವರದಲ್ಲಿ ಹೇಳಿದೆ, ವಕೀಲರ ಕಟ್ಟೆಯಲ್ಲಿ ಹೇಳಿದೆ. ಹೇಳಿದಂತೆ ಕತೆ ಬೆಳೆಯಿತು, ಉಲ್ಟಾ ಮಿಸ್ತ್ರಿ ಎಂಬ ಹೆಸರು ಅದರಲ್ಲೇ ಹುಟ್ಟಿತು. ದಸರೆಯ ದಿನ ಬಂಗಾರವೆಂದು ಬನ್ನಿ ಎಲೆ ಕೊಡಲು ಬಸ್ಸಿನ ಸಾಹುಕಾರರ ಮನೆಗೆ ಹೋದಾಗ ಪಡಸಾಲೆ ತುಂಬ ಜನ. "ಡಾಕ್ಟ್ರ, ಆ ಕಥಿ ನಿಮ್ಮ ಬಾಯಿಲೆ ಕೇಳಬೇಕು ನೋಡ್ರಿ," ಎಂದರು. ಹೇಳಿದೆ. ಕೊನೆಗೆ ಚೆನ್ನಾಗಿ ಮುಗಿಯಲೆಂದು ಒಂದು ಮಾತು ಸೇರಿಸಿದೆ: "ಪಾಪ, ಅವನ ಕಣ್ಣ ಹೋಗ್ಯಾವು. ನಾನ ನೋಡೇನಿ, ಪೊರಿ ಬಂದೈತಿ."

ಸಾಹುಕಾರರು ತೊಡೆ ತಟ್ಟಿ ನಕ್ಕರು. "ಹಂಗಾದ್ರ ಟಿಕೋಟಾಕ್ಕ ಹೊಂಟ ನನ್ನ ಬಸ್ಸು ಹಿಂದಕ್ಕ ಓಡಿ ಸಿಂದಗಿಗೆ ಹೋದೀತು."

ಆ ನಗೆಯ ನಡುವೆ ಬಾಗಿಲ ಕಡೆ ನೋಡಿದರೆ, ಚಪ್ಪಲಿಗಳ ಹತ್ತಿರ ಮಿಸ್ತ್ರಿ ನಿಂತಿದ್ದರು. ಒಗೆದ ಅಂಗಿ, ಕೈಯಲ್ಲಿ ಬನ್ನಿ. ಕೆಲಸ ಯಾವತ್ತಿನಿಂದ ಎಂದು ಕೇಳಲು ಬಂದಿದ್ದರು. ಒಳಗೆ ಬಂದು ಸಾಹುಕಾರರಿಗೆ ಬನ್ನಿ ಕೊಟ್ಟರು. "ಮಿಸ್ತ್ರೀ, ಆ ಕೆಲಸದ್ದು ಮುಂದ ನೋಡೂಣು," ಎಂದರು ಸಾಹುಕಾರರು. ಡಾಕ್ಟರನೇ ಕಣ್ಣು ಹೋಗಿವೆ ಎಂದ ಮೇಲೆ ಅವರಾದರೂ ಏನು ಹೇಳಬೇಕು? ಮಿಸ್ತ್ರಿ ನನ್ನ ಕಡೆ ತಿರುಗಿದರು. ಅವರು ಒಂದು ಮಾತು ಹೇಳಿದ್ದರೆ ಅಲ್ಲಿ ಎಲ್ಲ ಬದಲಾಗುತ್ತಿತ್ತು. ಅವರು ನನ್ನ ಕೈಯಲ್ಲಿ ನಾಲ್ಕು ಎಲೆ ಇಟ್ಟು, "ಬಂಗಾರದ್ಹಂಗ ಇರೂಣ್ರಿ ಸಾಹೇಬ್ರ," ಎಂದು ಹೇಳಿ ಹೋದರು.

ಸೊಲ್ಲಾಪುರ ರಸ್ತೆಯ ಶೆಡ್ಡಿಗೆ ಜನ ಬರುವುದು ಕಡಿಮೆಯಾಯಿತು. ಮುಂದಿನ ಬೇಸಿಗೆಗೆ ಮಿಸ್ತ್ರಿ ಹೆಂಡತಿಯ ತವರೂರಾದ ಬಬಲೇಶ್ವರ ಸೇರಿ, ಸ್ಟೋವು, ಕೀಲಿ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಕೂತರು. ನಾನು ವಾರಕ್ಕೊಮ್ಮೆ ಅವರ ಮನೆಯ ಮುಂದಿನಿಂದಲೇ ಹಾಯಬೇಕು. ಗುಬ್ಬಿಯ ಸದ್ದು ಕೇಳಿದರೆ ಹೊರಗೆ ಬಂದು, ಕಣ್ಣು ಮುಚ್ಚಿ, ಕಿವಿ ಹಿಂದಿನ ಅಚ್ಚಿನ ಕಡೆ ಮಾಡುತ್ತಿದ್ದರು. ನಾನು ನಿಲ್ಲಿಸಿದರೆ, "ಇನ್ನೂ ಅಳವಲ್ದು ನೋಡ್ರಿ," ಎನ್ನುತ್ತಿದ್ದರು. ಹೆಚ್ಚುಕಡಿಮೆ ಐದು ವರ್ಷ, ವಾರಕ್ಕೊಮ್ಮೆ. ಅದರಾಚೆ ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸುದ್ದಿ ಬಂದ ಮರುದಿನ ಬಬಲೇಶ್ವರಕ್ಕೆ ಹೋದೆ. ಅವರ ಹೆಂಡತಿ ಬಾಗಿಲ ಪರದೆಯ ಹಿಂದೆ ಕೂತು ಮಾತಾಡಿದರು. ಎದೆಯ ಬೇನೆ, ಮೂರೇ ದಿನ, ನನ್ನನ್ನು ಕರೆಯುವಷ್ಟು ಹೊತ್ತಿರಲಿಲ್ಲ ಎಂದರು. ಅವರು ಕಟ್ಟಿದ ಅಚ್ಚು ಇನ್ನೂ ಗಟ್ಟಿಯಾಗಿದೆ ಎಂದೆ.

"ಅದು ಹಿಂದ ಓಡಿದ ದಿನಾನ ಮನಿಗೆ ಬಂದು ಹೇಳಿದ್ರು ರೀ ಡಾಕ್ಟರ್ ಸಾಬ್. ನಾನು ನನ್ನ ಉರ್ದೂ ಓದಿದಂಗ ಬಲಕಿನಿಂದ ಹಚ್ಚಿದ್ದೆ, ಡಾಕ್ಟರ್ ಸಾಹೇಬ್ರು ತಮ್ಮ ಕನ್ನಡ ಬರದಂಗ ಎಡಕಿನಿಂದ ಹಚ್ಚ್ಯಾರ. ನನಗ ತಿಳೀಲಿಲ್ಲ ಅಂದ್ರು."

ಅವರೇ ಮುಂದುವರಿಸಿದರು. "ನಾ ಜಗಳಾ ತಗದೆ. ಬಸ್ಸಿನ ಕೆಲಸ ಹೋದಾಗರ ಹೇಳಬೇಕಿತ್ತಿಲ್ಲೋ ಅಂದೆ. ಅದಕ್ಕ ಅವ್ರು, ನನ್ನ ಸಾಮಾನು ತೋಯಬಾರದಂತ ಡಾಕ್ಟರ್ ಮನಿಷಾ ಕೋಟು ಹೊಲಸ ಮಾಡಿಕೊಂಡು ಹೊತ್ತಾರ, ಅವ್ರ ಮ್ಯಾಲ ಹೆಂಗ ಹಾಕ್ಲಿ ಅಂದ್ರು. ನಿಮಗ ಗೊತ್ತಿಲ್ಲ ಅಂತ ಅನಕೊಂಡಿದ್ರು ರೀ. ಗೊತ್ತಿದ್ರ ಅವ್ರ ಹೇಳತಿದ್ರು ಅಂತಿದ್ರು."

ನನಗೆ ನಾಚಿಕೆಯಾಯಿತು. ಈ ಕಸುಬಿನಲ್ಲಿ ಎಷ್ಟೋ ಸಾವು ನೋಡಿದ್ದೇನೆ, ಕೆಲವಕ್ಕೆ ನನ್ನ ತಪ್ಪೂ ಕಾರಣವಿರಬಹುದು. ಯಾವುದೂ ನನ್ನನ್ನು ಹೀಗೆ ಕೂರಿಸಿರಲಿಲ್ಲ.

ವಿಜಾಪುರ ಮುಟ್ಟಿದವನೇ ನೇರ ಸಾಹುಕಾರರ ಬಸ್ಸಿನ ಆಫೀಸಿಗೆ ಹೋದೆ. ಜನರಿದ್ದರು, ಇರಲಿ ಎಂದು ಎಲ್ಲರ ಮುಂದೆಯೇ ಹೇಳಿದೆ. ಮಳೆ ಬಂದದ್ದು, ಭಾಗಗಳನ್ನು ನಾನು ಒಳಗೆ ಹೊತ್ತದ್ದು, ಅವರು ಉರ್ದೂ ಓದಿದಂತೆ ಬಲದಿಂದ ಇಟ್ಟದ್ದನ್ನು ಕನ್ನಡ ಬರೆದಂತೆ ಎಡದಿಂದ ಜೋಡಿಸಿದ್ದು, ಪರೀಕ್ಷೆ ಮಾಡಲು ಬಿಡದೆ ಅವಸರ ಮಾಡಿದ್ದು. ಅವರ ಕಣ್ಣಿನ ತಪ್ಪಲ್ಲ, ತಪ್ಪು ನನ್ನ ಕೈಯದು ಎಂದೆ.

ಸಾಹುಕಾರರು ಕೇಳುತ್ತ ಕೇಳುತ್ತ ನಗತೊಡಗಿದರು. ಕೆಮ್ಮು ಬರುವವರೆಗೆ ನಕ್ಕು, ಕಣ್ಣು ಒರೆಸಿಕೊಂಡರು. "ಉರ್ದೂ ಅಂತ, ಕನ್ನಡ ಅಂತ! ಏನ ಹೇಳ್ರಿ ಡಾಕ್ಟ್ರ, ನಿಮ್ಮ ಮೊದಲಿನ ಕಥಿ ಇದಕ್ಕಿಂತ ಛಲೋ ಇತ್ತು."

ಆಮೇಲೆ ಕಂಪೌಂಡರನಿಗೆ ಹೇಳಿದೆ, ಚಹಾದಂಗಡಿಯಲ್ಲಿ ಹೇಳಿದೆ, ವಕೀಲರ ಕಟ್ಟೆಯಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಇಷ್ಟು ವರ್ಷ ನಗಿಸಿದವನ ಬಾಯಿಂದ ಅವರಿಗೆ ಬೇರೆ ಏನೂ ಕೇಳಿಸುವುದಿಲ್ಲ. ಬಾಯಿ ಸೋತದ್ದರಿಂದ ಬರೆಯಲು ಕೂತಿದ್ದೇನೆ, ಎಡದಿಂದ ಬಲಕ್ಕೆ, ನನ್ನ ಕೈಗೆ ರೂಢಿಯಾದ ಹಾಗೆ.